ಶಾಲು ಹೊದಿಸಿದ ಮಾರನೇ ದಿನ

(ಮಕ್ಕಳು ಮತ್ತು ಯುವಜನರ ಪರವಾಗಿ ದುಡಿಯುವವರನ್ನು ಗೌರವಿಸಲು ಚಿಕ್ಕಬಳ್ಳಾಪುರದಲ್ಲಿ ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ವೇದಿಕೆ ಮೇಲಿರುವ ಹಿರಿಯರಿಗೆ, ಮುಂದಿನ ಸಾಲಿನಲ್ಲಿ ಮುದುಡಿ ಕೂತಿರುವ ಸನ್ಮಾನಿತರಿಗೆ, ಹಿಂದಿನ ಸಾಲಿನಲ್ಲಿ ಸುಮ್ನೆ ಕೂರಲಾಗದ ಮಕ್ಕಳಿಗೆ ನಮಸ್ಕಾರ.

ಇವತ್ತು ಗೌರವ ಪಡೆಯುವವರ ಪಟ್ಟಿ ನೋಡಿದೆ. ಅಂಗನವಾಡಿ ಟೀಚರ್ ಒಬ್ಬರಿದ್ದಾರೆ. ಸರ್ಕಾರಿ ಶಾಲೆಯ ಅಭಿವೃದ್ಧಿ ನೋಡಿಕೊಳ್ಳುವ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಅಧ್ಯಕ್ಷರೊಬ್ಬರು, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವರೊಬ್ಬರು, ಹಗಲು ಗಾರೆ ಕೆಲಸ ಮಾಡಿ ಸಂಜೆ ಮಕ್ಕಳಿಗೆ ಕಬಡ್ಡಿ ಕಲಿಸುವವರೊಬ್ಬರು ಇದ್ದಾರೆ. ಇವರನ್ನು ಹೊಗಳುವ ಕೆಲಸ ಸನ್ಮಾನ ಪತ್ರ ಓದುವವರದ್ದು. ಅವರು ಚೆನ್ನಾಗಿಯೇ ಓದುತ್ತಾರೆ. ನನಗೆ ಹೇಳಬೇಕಿರುವುದು ಬೇರೆ. ಮಕ್ಕಳ ಪರ ನಿಂತವರಿಗೆ ಊರಲ್ಲಿ ಏನಾಗುತ್ತದೆ, ಆಗ ನಾವೆಲ್ಲ ಎಲ್ಲಿರುತ್ತೇವೆ ಅನ್ನುವುದು.

ಸನ್ಮಾನಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಕೊನೆಗೊಂದು ಫಲಕ. 2021ರಲ್ಲಿ ರಾಜ್ಯ ಸರ್ಕಾರವೇ ತನ್ನ ಸಭೆ ಸಮಾರಂಭಗಳಲ್ಲಿ ಹಾರ ತುರಾಯಿ ಶಾಲು ಬೇಡ, ಕೊಡಲೇಬೇಕಾದರೆ ಕನ್ನಡ ಪುಸ್ತಕ ಕೊಡಿ ಅಂತ ಹೇಳಿತ್ತು. ಶಾಲು ಅದಕ್ಕೆಲ್ಲ ಜಗ್ಗಲಿಲ್ಲ, ಇಲ್ಲೇ ಟೇಬಲ್ ಮೇಲೆ ನೋಡ್ತಾ ಇದ್ದೀನಲ್ಲ. ಇರಲಿ, ಶಾಲಿನ ಮೇಲೆ ನನಗೇನೂ ಕೋಪವಿಲ್ಲ. ಜೀವಮಾನವಿಡೀ ಯಾರೂ ಕುರ್ಚಿ ಕೊಡದ ಒಬ್ಬ ಹೆಣ್ಣುಮಗಳನ್ನು ನಾಲ್ಕು ಜನರ ಮುಂದೆ ಕೂರಿಸಿ ಶಾಲು ಹೊದಿಸಿದರೆ ಅದಕ್ಕೂ ಬೆಲೆ ಇದೆ. ನನ್ನ ಪ್ರಶ್ನೆ ಮಾರನೇ ದಿನದ್ದು.

ಮಕ್ಕಳಿಗೆ ಒಳ್ಳೆಯದಾಗಲಿ ಅಂದರೆ ಬೇಡ ಅನ್ನುವವರು ಯಾರೂ ಇಲ್ಲ. ಒಳ್ಳೆಯದು ಅಂದರೆ ಇದು ಅಂತ ಬೆರಳು ಮಾಡಿ ತೋರಿಸಿದಾಗ ಜಗಳ ಶುರುವಾಗುತ್ತದೆ. ಈ ಮಗು ಶಾಲೆಗೆ ಬರಲಿ ಅಂದರೆ ಕೆಲಸಕ್ಕಿಟ್ಟುಕೊಂಡವರಿಗೆ ಸಿಟ್ಟು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕಾಯ್ದೆಯೇ ಇದೆ, ಆ ಗೂಡಂಗಡಿ ತೆಗೆಸಿ ಅಂದರೆ ಅಂಗಡಿಯವನಿಗೆ ಸಿಟ್ಟು, ಅವನಿಗೆ ಸಾಲ ಕೊಟ್ಟವನಿಗೂ ಸಿಟ್ಟು. ಹುಡುಗಿಗೆ ಇನ್ನೂ ಹದಿನೆಂಟಾಗಿಲ್ಲ ಅಂದರಂತೂ ಎರಡು ಮನೆ, ಛತ್ರ, ಪುರೋಹಿತರು, ಅಡುಗೆಯವರು, ವಾದ್ಯದವರು, ಎಲ್ಲರಿಗೂ ಸಿಟ್ಟು. ಮಕ್ಕಳ ಪರ ಮಾತಾಡುವುದು ಅಂದರೆ ಯಾವುದೋ ಒಬ್ಬ ದೊಡ್ಡವರ ಎದುರು ಮಾತಾಡುವುದು. ಅದೂ ದಿನಾ ಮುಖ ನೋಡಬೇಕಾದ ದೊಡ್ಡವರು.

ಈ ಜಿಲ್ಲೆಯಲ್ಲಿ ನಿಂತು ಇಷ್ಟು ಹೇಳಿ ಎಚ್. ನರಸಿಂಹಯ್ಯನವರ ಹೆಸರು ಎತ್ತದಿದ್ದರೆ ತಪ್ಪಾಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1920ರಲ್ಲಿ ಹುಟ್ಟಿದರು. ಆಗ ಇದೆಲ್ಲ ಕೋಲಾರ ಜಿಲ್ಲೆ, ನಾವು ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಬಡವರ ಮನೆ ಹುಡುಗ. ಮುಂದಕ್ಕೆ ಓದಬೇಕು, ಕೈಯಲ್ಲಿ ದುಡ್ಡಿಲ್ಲ. ಬೆಂಗಳೂರಿಗೆ ನಡೆದುಕೊಂಡೇ ಹೋಗಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಆಮೇಲೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ, ನ್ಯಾಷನಲ್ ಕಾಲೇಜಿನಲ್ಲಿ ಪ್ರಿನ್ಸಿಪಾಲರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ ಹುಡುಗರ ನಡುವೆ ಬದುಕಿದರು.

ನಡೆದು ಹೋದ ಕಥೆಯನ್ನು ನಾವು ಮಕ್ಕಳಿಗೆ ತುಂಬಾ ಹೇಳುತ್ತೇವೆ. 'ನೋಡು, ಅವರು ಅಷ್ಟು ಕಷ್ಟಪಟ್ಟರು, ನಿನಗೇನು ಧಾಡಿ' ಅಂತ. ನನಗೆ ಆ ಕಥೆ ಹೀಗೆ ಹೇಳುವುದು ಇಷ್ಟವಿಲ್ಲ. ಅವರೇ ಅದರಿಂದ ಬೇರೆ ಪಾಠ ಕಲಿತಿದ್ದರು ಅಲ್ವಾ? ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ತೆರೆಯುವ ಹಾಗೆ ಮಾಡಿದರು. ತಾನು ನಡೆದ ದಾರಿಯಲ್ಲಿ ಮುಂದಿನ ಹುಡುಗ ನಡೆಯದಿರಲಿ ಅಂತ. ಬಾಗೇಪಲ್ಲಿಯ ಹುಡುಗಿಯೊಬ್ಬಳು ಬೆಳಗ್ಗೆ ಮನೆಯಲ್ಲಿ ಮುದ್ದೆ ತಿಂದು ಕಾಲೇಜಿಗೆ ಹೋಗಿ ಸಂಜೆ ಮನೆಗೆ ಬರುತ್ತಾಳೆ ಅಂದರೆ ಅವಳ ಅಪ್ಪ ಓದು ಬಿಡಿಸಲು ಹೇಳುವ ಅರ್ಧ ಕಾರಣ ಅಲ್ಲಿಗೇ ಮುಗಿಯಿತು.

ಇನ್ನೊಂದು ವಿಷಯ. ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷೆ ಮಾಡಲು ಅವರು ಸಮಿತಿ ಮಾಡಿದರು. ಎಷ್ಟು ಜನ ತಿರುಗಿಬಿದ್ದರು ಅಂತ ಹಿರಿಯರಿಗೆ ನೆನಪಿರುತ್ತದೆ. ಮಕ್ಕಳು ಪ್ರಶ್ನೆ ಕೇಳಬೇಕು ಅಂತ ಬಾಯಲ್ಲಿ ಹೇಳುವುದು ಸುಲಭ. ದೊಡ್ಡವರು ಕೈಮುಗಿಯುವ ಜಾಗದಲ್ಲಿ ತಾನೇ ನಿಂತು ಪ್ರಶ್ನೆ ಕೇಳಿ ಬೈಸಿಕೊಂಡರಲ್ಲ, ಅದಕ್ಕೆ ಧೈರ್ಯ ಬೇಕು. ಪದ್ಮಭೂಷಣ ಬಂದದ್ದು 1984ರಲ್ಲಿ. ಜಗಳ ಮೊದಲು, ಪದಕ ಆಮೇಲೆ. ಈ ವರಸೆ ಯಾವಾಗಲೂ ಹೀಗೇ.

ಪಕ್ಕದ ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಬಗ್ಗೆ ನಾನು ಹೇಳಿ ನೀವು ಕೇಳಬೇಕಿಲ್ಲ. ಈ ಸಭೆಯಲ್ಲೇ ಮಠದ ಹಾಸ್ಟೆಲಿನಲ್ಲಿ ಉಂಡು ಓದಿದವರು ಇರಬಹುದು. 2007ರಲ್ಲಿ ಕರ್ನಾಟಕ ರತ್ನ ಕೊಟ್ಟರು, 2015ರಲ್ಲಿ ಪದ್ಮಭೂಷಣ. 2019ರ ಜನವರಿ 21ರಂದು ಅವರು ತೀರಿಕೊಂಡ ಮೇಲೆ ಆ ದಿನವನ್ನು ಸರ್ಕಾರ ದಾಸೋಹ ದಿನ ಅಂತ ಕರೆಯಿತು. ಈ ಕೊನೆಯದ್ದೇ ನನಗೆ ಹಿಡಿಸಿದ್ದು. ಮನುಷ್ಯನ ಹೆಸರಿಗಿಂತ ಅವರು ಮಾಡಿದ ಕೆಲಸದ ಹೆಸರು ದಿನಕ್ಕೆ ಬಂತು. ಆವತ್ತು ಎಲ್ಲೋ ಒಂದು ಕಡೆ ಮಕ್ಕಳಿಗೆ ಊಟ ಬಡಿಸಲೇಬೇಕು, ಬರೀ ಭಾಷಣ ಮಾಡಿ ಎದ್ದು ಹೋಗೋಕಾಗಲ್ಲ.

ದೊಡ್ಡ ಹೆಸರುಗಳು ಸಾಕು. ಈಗ ಚಿಂತಾಮಣಿ ಕಡೆಯ ಒಂದು ಹಳ್ಳಿಗೆ ಬರುತ್ತೇನೆ. ಊರಿನ ಹೆಸರು ಬೇಡ, ಆ ಹುಡುಗಿ ಈಗ ಓದುತ್ತಿದ್ದಾಳೆ. ಅಲ್ಲಿಯ ಅಂಗನವಾಡಿ ಟೀಚರ್ ನನಗೆ ಹೇಳಿದ್ದನ್ನೇ ಹೇಳುತ್ತೇನೆ.

ಹುಡುಗಿ ಹತ್ತನೇ ತರಗತಿ. ನಾಲ್ಕು ದಿನದಿಂದ ಶಾಲೆಗೆ ಹೋಗಿಲ್ಲ. ಹುಷಾರಿಲ್ಲ ಅಂದರು. ಹಬ್ಬ ಹತ್ತಿರದಲ್ಲಿಲ್ಲ, ಆದರೆ ಮನೆಗೆ ಸುಣ್ಣ ಬಳಿಯುತ್ತಿದ್ದಾರೆ. ಟೈಲರ್ ಅಂಗಡಿಯಲ್ಲಿ ಒಂದೇ ಅಳತೆಯ ನಾಲ್ಕು ರವಿಕೆ ಹೊಲಿಯುತ್ತಿದ್ದಾರೆ. ಚಪ್ಪರ ಇಲ್ಲ, ಲಗ್ನಪತ್ರಿಕೆ ಇಲ್ಲ. ಈಗ ಜನ ಜಾಣರಾಗಿದ್ದಾರೆ. ಊರಲ್ಲಿ ಸದ್ದು ಮಾಡದೆ ಆಂಧ್ರದ ಗಡಿ ದಾಟಿ ಯಾವುದಾದರೂ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಬಂದುಬಿಡುತ್ತಾರೆ. ಸುಣ್ಣ ಮತ್ತು ರವಿಕೆ ಎರಡನ್ನೂ ಕೂಡಿಸಿ ನೋಡಿದ್ದು ಈ ಟೀಚರ್. ರಾತ್ರಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು.

ಬೆಳಗ್ಗೆ ಜೀಪು ಬಂತು. ಅಧಿಕಾರಿಗಳು ವಯಸ್ಸಿನ ದಾಖಲೆ ಕೇಳಿದರು. ಮನೆಯವರು ಆಧಾರ್ ಕಾರ್ಡ್ ತೋರಿಸಿದರು. ಅದರಲ್ಲಿ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಇಲ್ಲಿ ಸ್ವಲ್ಪ ನಿಲ್ಲಿ, ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ವಯಸ್ಸು ನೋಡುವ ಕ್ರಮ ಬರೆದಿದೆ. ಮೊದಲು ಶಾಲೆಯ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆ ಕೊಟ್ಟ ಜನನ ಪ್ರಮಾಣ ಪತ್ರ. ಅದೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಆ ಪಟ್ಟಿಯಲ್ಲಿ ಆಧಾರ್ ಇಲ್ಲ. ಶಾಲೆಯ ಮೇಷ್ಟ್ರು ಬೀರುವಿನಿಂದ ದಾಖಲಾತಿ ರಿಜಿಸ್ಟರ್ ತೆಗೆದು ಒಂದನೇ ತರಗತಿಗೆ ಸೇರಿದ ಪುಟ ತೋರಿಸಿದರು. ಹದಿನೈದು ವರ್ಷ, ಕೆಲವು ತಿಂಗಳು. ಅಪ್ಪ ಹೆಬ್ಬೆಟ್ಟು ಒತ್ತಿದ ಪುಟ ಅದು. ಮದುವೆ ನಿಂತಿತು, ಮುಚ್ಚಳಿಕೆ ಬರೆಸಿಕೊಂಡರು.

ಕರ್ನಾಟಕದಲ್ಲಿ ಈ ವಿಷಯದ ಕಾನೂನು ಬೇರೆ ಕಡೆಗಿಂತ ಗಟ್ಟಿ. ದೇಶದ ಕಾಯ್ದೆ 2006ರದ್ದು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ ವರದಿ ಕೊಟ್ಟ ಮೇಲೆ ನಮ್ಮ ರಾಜ್ಯ 2016ರಲ್ಲಿ ತಿದ್ದುಪಡಿ ಮಾಡಿತು. ಅದರ ಪ್ರಕಾರ ಇಲ್ಲಿ ಬಾಲ್ಯವಿವಾಹ ನಡೆದರೂ ಅದು ಮೊದಲಿನಿಂದಲೇ ಮದುವೆಯೇ ಅಲ್ಲ. ಮಾಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕಾಗದದ ಮೇಲೆ ಇಷ್ಟೆಲ್ಲ ಇದೆ. ಜೀಪು ಹೋದ ಮೇಲೆ ಆ ಬೀದಿಯಲ್ಲಿ ಉಳಿದದ್ದು ಟೀಚರ್ ಒಬ್ಬರೇ.

'ಮಾ ಇಂಟಿ ಸಂಗತಿ ನೀಕೆಂದುಕು ಟೀಚರಮ್ಮಾ?' ಅಂತ ಹುಡುಗಿಯ ಅಜ್ಜಿ ಬೀದಿಯಲ್ಲಿ ನಿಂತು ಕೇಳಿದರಂತೆ. ನಮ್ಮ ಮನೆ ವಿಷಯ ನಿನಗ್ಯಾಕೆ ಅಂತ. ನಮ್ಮ ಕಡೆ ಜಗಳ ಜಾಸ್ತಿಯಾದರೆ ಭಾಷೆ ತೆಲುಗಿಗೆ ತಿರುಗುತ್ತದೆ, ನಿಮಗೇ ಗೊತ್ತು. ಫೋನ್ ಮಾಡಿದ್ದು ಯಾರು ಅಂತ ಯಾರೂ ಹೇಳಿರಲಿಲ್ಲ. ಆದರೆ ಹಳ್ಳಿಯಲ್ಲಿ ಊಹಿಸೋಕೆ ಎಷ್ಟು ಹೊತ್ತು ಬೇಕು? ಮಾರನೇ ದಿನದಿಂದ ಆ ಬೀದಿಯ ಮಕ್ಕಳು ಅಂಗನವಾಡಿಗೆ ಬರಲಿಲ್ಲ. ಡೈರಿಗೆ ಹಾಲು ಹಾಕಲು ಹೋದರೆ ಮಾತಾಡಿಸುವವರಿಲ್ಲ. ತಿಂಗಳ ಕೊನೆಗೆ ಮೇಲಿನವರು ಕೇಳಿದ್ದು 'ಹಾಜರಾತಿ ಯಾಕಮ್ಮ ಇಷ್ಟು ಇಳಿದಿದೆ?' ಅಂತ. ಹೇಳಿಕೊಳ್ಳೋಕೆ ಸಂಬಳವೂ ಇಲ್ಲ, ಬರುವುದು ಗೌರವಧನ. ಅಂಗನವಾಡಿ ಯೋಜನೆ ಶುರುವಾದದ್ದು 1975ರಲ್ಲಿ, ಇವತ್ತಿಗೂ ಅವರ ಸ್ಥಿತಿ ಅದೇ.

ಆಮೇಲೆ ಏನಾಯಿತು ಕೇಳಿ. ಕಿರಾಣಿ ಅಂಗಡಿಯ ಯಜಮಾನರೊಬ್ಬರು ಒಂದು ಬೆಳಗ್ಗೆ ಮೊಮ್ಮಗಳನ್ನು ಎತ್ತಿಕೊಂಡು ಬಂದು ಅಂಗನವಾಡಿಯಲ್ಲಿ ಬಿಟ್ಟರು. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದು, ನಾಲ್ಕು ಜನ ನೋಡಿದ್ದಾರೆ ಅಂತ ಗೊತ್ತಾದ ಮೇಲೆ ಅಂಗಡಿಗೆ ಹೋದರು. ಅವರಿಗೆ ಆ ಮನೆಯಿಂದಲೂ ಗಿರಾಕಿ ಬರಬೇಕು, ಲೆಕ್ಕದ ಪುಸ್ತಕದಲ್ಲಿ ಆ ಮನೆಯ ಬಾಕಿಯೂ ಇತ್ತು. ಆದರೂ ಬಂದರು. ವಾರದೊಳಗೆ ಉಳಿದವರೂ ಒಬ್ಬೊಬ್ಬರಾಗಿ ಕಳಿಸಿದರು. ಟೀಚರಿಗೆ ಸಿಕ್ಕ ನಿಜವಾದ ಸನ್ಮಾನ ಅದು ಅಂತ ನನ್ನ ಅಭಿಪ್ರಾಯ. ಅದಕ್ಕೆ ಫೋಟೋ ಇಲ್ಲ.

ಶಿಡ್ಲಘಟ್ಟದ ಕಡೆಯವರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೆ ರೇಷ್ಮೆಯ ಮಾತು. ಹಿಂದೆ ನೂಲು ಬಿಚ್ಚುವ ಮನೆಗಳಲ್ಲಿ ಮಕ್ಕಳು ಎಷ್ಟಿದ್ದರು ಅಂತ ನಿಮ್ಮಲ್ಲಿ ಐವತ್ತು ದಾಟಿದವರಿಗೆ ನಾನು ಹೇಳಬೇಕಾಗಿಲ್ಲ. ಚರಕದ ಒಲೆಯಲ್ಲಿ ಗೂಡು ಕುದಿಯುತ್ತಿರುತ್ತದೆ. ಆ ಬಿಸಿನೀರಿಗೆ ಬೆರಳು ಹಾಕಿ ಎಳೆಯ ತುದಿ ಹುಡುಕಬೇಕು. ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಸುಲಿಯುತ್ತದೆ, ಸತ್ತ ಹುಳದ ವಾಸನೆ ಬಟ್ಟೆ ಬಿಟ್ಟು ಹೋಗುವುದಿಲ್ಲ. ಅಪ್ಪ ಮುಂಗಡ ತಂದಿರುತ್ತಾನೆ, ಅದು ತೀರುವವರೆಗೆ ಮಗು ಅಲ್ಲೇ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲೇ ಬಂದಿತ್ತು. ಬಾಲಕಾರ್ಮಿಕ ಕಾಯ್ದೆ 1986ರದ್ದು. ಕಾಯ್ದೆ ತಾನಾಗಿ ನಡೆದು ಬಂದು ಯಾರ ಕೈಯನ್ನೂ ನೀರಿನಿಂದ ತೆಗೆಯಲಿಲ್ಲ. ಮನೆಮನೆಗೆ ಹೋಗಿ ಬೈಸಿಕೊಂಡ ಮೇಷ್ಟ್ರುಗಳು, ಸಂಘದವರು, ಕೆಲವು ಸಲ ತಾವೇ ಮನಸ್ಸು ಬದಲಿಸಿದ ರೀಲರ್‌ಗಳು, ಅಂದರೆ ನೂಲು ಬಿಚ್ಚಿಸುವ ಮಾಲೀಕರು, ತೆಗೆಸಿದರು. ಯಂತ್ರಗಳೂ ಬಂದವು ಅನ್ನಿ.

ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯಲ್ಲಿ ಹದಿನಾಲ್ಕರ ಒಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಅಂತಾಯಿತು. ಹದಿನಾಲ್ಕರಿಂದ ಹದಿನೆಂಟರವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು. ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮನೆಯವರ ಕಸುಬಿಗೆ ಕೈ ಜೋಡಿಸಬಹುದು ಅಂತ ಒಂದು ಬಾಗಿಲು ತೆರೆದಿಟ್ಟರು. ಇಲ್ಲಿ ನನ್ನ ನಿಲುವು ಹೇಳಿಬಿಡುತ್ತೇನೆ, ಕೆಲವರಿಗೆ ಹಿಡಿಸದಿರಬಹುದು. ಸಂಜೆ ಮಗು ಅಮ್ಮನ ಜೊತೆ ಹಿಪ್ಪುನೇರಳೆ ಸೊಪ್ಪು ಕುಯ್ದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಹುಳ ಹಣ್ಣಾದ ದಿನ, ಅಂದರೆ ಗೂಡು ಕಟ್ಟಲು ಸಿದ್ಧವಾದ ದಿನ, ಮಾತ್ರ ಹೋಗುತ್ತೇನೆ. ಹುಳು ಸಾಕುವ ಮನೆಯವರಿಗೆ ಅದರ ಅವಸರ ಗೊತ್ತು. ಹಣ್ಣಾದ ಹುಳವನ್ನು ಆಗಿಂದಾಗ್ಗೆ ಆರಿಸಿ, ಅದು ಗೂಡು ಕಟ್ಟುವ ತಟ್ಟೆಗೆ, ಚಂದ್ರಿಕೆಗೆ ಬಿಡಬೇಕು, ತಡವಾದರೆ ನೂಲೆಲ್ಲ ವ್ಯರ್ಥ. ಆವತ್ತು ಮನೆಯ ಕೈಯೆಲ್ಲ ಬೇಕು, ಮಗುವಿನ ಶಾಲೆ ತಪ್ಪುತ್ತದೆ. ವರ್ಷಕ್ಕೆ ಬೆಳೆ ಎಷ್ಟು, ಅಷ್ಟು ಸಲ ತಪ್ಪುತ್ತದೆ. ನಾನು ಬಲ್ಲ ಒಬ್ಬ ಮೇಷ್ಟ್ರು ಊರಿನ ಹುಳು ಮನೆಗಳ ಲೆಕ್ಕ ಇಟ್ಟುಕೊಂಡಿದ್ದರು. ಹಿಂದಿನ ಸಂಜೆಯೇ ಆ ಮನೆಗೆ ಹೋಗಿ ಕಾಫಿ ಕುಡಿದು, 'ನಾಳೆ ಕೈ ಕಡಿಮೆಯಾದರೆ ಪಕ್ಕದ ಮನೆಯವರನ್ನು ಕರೀರಿ, ಇವನನ್ನು ಕಳಿಸಿ' ಅಂತ ಹೇಳಿ ಬರುತ್ತಿದ್ದರು. ಯಾವ ಪ್ರಶಸ್ತಿಯ ಅರ್ಜಿಯಲ್ಲೂ ಇದನ್ನು ಬರೆಯಲು ಕಾಲಂ ಇರುವುದಿಲ್ಲ.

ಯುವಜನರ ವಿಷಯಕ್ಕೂ ಬರಬೇಕು. ಹದಿನೆಂಟಾದ ಕೂಡಲೇ ನಾವು ಮಕ್ಕಳನ್ನು ಕೈಬಿಡುತ್ತೇವೆ. ಸಾಲದ್ದಕ್ಕೆ, ಮೊಬೈಲ್ ನೋಡ್ತಾರೆ, ಕೆಟ್ಟುಹೋದರು ಅಂತ ಒಂದು ಮಾತು. ಇವತ್ತು ಪಿಯುಸಿ, ಡಿಗ್ರಿ ಓದುವ ಬಡ ಹುಡುಗ ಹುಡುಗಿಯರಿಗೆ ಓದಿಗಿಂತ ದೊಡ್ಡ ಪರೀಕ್ಷೆ ವಿದ್ಯಾರ್ಥಿವೇತನದ ಅರ್ಜಿ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್ ತೆಗೆದರೆ ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೆ ಅಲ್ಲಿಗೆ ನಿಂತಿತು. ಸೈಬರ್ ಸೆಂಟರಿನವನು ಪ್ರತಿ ಸಲ ದುಡ್ಡು ಕೇಳುತ್ತಾನೆ. ಎರಡು ಸಲ ತಾಲ್ಲೂಕು ಕಚೇರಿಗೆ ಅಲೆದ ಹುಡುಗ ಮೂರನೇ ಸಲ ಹೋಗುವುದಿಲ್ಲ, ಫ್ಯಾಕ್ಟರಿ ವ್ಯಾನ್ ಹತ್ತುತ್ತಾನೆ. ಪಂಚಾಯಿತಿ ಗ್ರಂಥಾಲಯದ ಕಂಪ್ಯೂಟರ್ ಮುಂದೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಾಗಿಲು ಹಾಕುವ ಹೊತ್ತು ಮೀರಿದರೂ ಎದ್ದೇಳದೆ ಆ ಅರ್ಜಿ ಮುಗಿಸಿ ಕಳಿಸುವವರು ಇದ್ದಾರಲ್ಲ, ಅವರೂ ನಾಯಕರೇ. ಬಿಳಿ ಪಂಚೆ ಇಲ್ಲ, ಹಿಂದೆ ನಾಲ್ಕು ಜನ ಇಲ್ಲ, ಅಷ್ಟೇ ವ್ಯತ್ಯಾಸ.

ಸಂಘಟಕರಿಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಈ ಪಟ್ಟಿ ಮಾಡುವಾಗ ಮಕ್ಕಳನ್ನು ಕೇಳಿದಿರಾ? ಇಲ್ಲ ಅಂತ ತಲೆ ಆಡಿಸುತ್ತಿದ್ದಾರೆ. ಮುಂದಿನ ವರ್ಷ ಕೇಳಿ. ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿ ವರ್ಷ ನವೆಂಬರ್ ಆಸುಪಾಸಿನಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಒಮ್ಮೆ ಹೋಗಿ ಹಿಂದೆ ಕೂತು ನೋಡಿ. ಮೊದಲು ದೊಡ್ಡವರೇ ಮಾತಾಡುತ್ತಾರೆ, ಮಕ್ಕಳು ಬಿಸ್ಕತ್ತು ತಿನ್ನುತ್ತಾರೆ. ಆಮೇಲೆ ಒಂದು ಹುಡುಗಿ ಎದ್ದು, 'ಸಾರ್, ನಮ್ಮ ಶೌಚಾಲಯಕ್ಕೆ ಚಿಲಕ ಇಲ್ಲ. ಹೋದ ವರ್ಷವೂ ಹೇಳಿದ್ದೆವು, ನೀವು ಬರೆದುಕೊಂಡಿರಿ' ಅನ್ನುತ್ತಾಳೆ. ಆ ಕ್ಷಣಕ್ಕೆ ಪಂಚಾಯಿತಿ ಅಧಿಕಾರಿ ಪಿಡಿಒ ಮುಖ ನೋಡಬೇಕು. ಆ ಹುಡುಗಿಯನ್ನು ಕೇಳಿ, ನಿಮ್ಮ ಊರಿನಲ್ಲಿ ನಿಮ್ಮ ಮಾತು ಕೇಳುವವರು ಯಾರಮ್ಮ ಅಂತ. ಅವಳು ಹೇಳುವ ಹೆಸರು ನಮ್ಮ ಪಟ್ಟಿಯಲ್ಲಿ ಇರುವುದು ಅನುಮಾನ. ಅಡುಗೆ ಮಾಡುವ ಆಯಮ್ಮನ ಹೆಸರು ಹೇಳಬಹುದು, ಬಸ್ ಕಂಡಕ್ಟರ್ ಹೆಸರು ಹೇಳಬಹುದು.

ಇನ್ನು ಫಲಕದ ದುಡ್ಡಿನ ಲೆಕ್ಕ. ಗಾಜಿನ ಫಲಕ ಚೆನ್ನಾಗಿ ಕಾಣುತ್ತದೆ, ಆದರೆ ಇವರ ಮನೆಗಳಲ್ಲಿ ಅದನ್ನು ಇಡೋಕೆ ಜಾಗ ಕಡಿಮೆ. ಕಬಡ್ಡಿ ಕಲಿಸುವವರಿಗೆ ಬೇಕಿರುವುದು ಮೈದಾನಕ್ಕೆ ಎರಡು ದೀಪ. ಅಂಗನವಾಡಿ ಟೀಚರಿಗೆ ಬೇಕಿರುವುದು ಬಾಲ್ಯವಿವಾಹದ ಕೇಸಿನಲ್ಲಿ ಸಾಕ್ಷಿಗೆ ಕರೆದ ದಿನ ಕೋರ್ಟಿಗೆ ಜೊತೆಯಲ್ಲಿ ಬರುವ ಇನ್ನೊಬ್ಬರು. ಇಲ್ಲಿ ವಕೀಲರು ಕೂತಿದ್ದೀರಿ. ನಿಮ್ಮಲ್ಲಿ ಒಬ್ಬರು ಇವರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಮಾಡಿಸಿ ಹೋಗಿ, ಇವತ್ತೇ, ಊಟಕ್ಕೆ ಮೊದಲು.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.

(ಹಿಂದಿನ ಸಾಲಿನಿಂದ ಕಾಲೇಜು ಹುಡುಗಿಯೊಬ್ಬಳು ಕೇಳಿದ್ದು: '1098ಕ್ಕೆ ಫೋನ್ ಮಾಡಿದರೆ ನಮ್ಮ ಹೆಸರು ಹೊರಗೆ ಬರುತ್ತಾ ಸಾರ್?')

ಒಳ್ಳೆಯ ಪ್ರಶ್ನೆ. ಹೆಸರು ಹೇಳದೆಯೂ ಮಾಹಿತಿ ಕೊಡಬಹುದಮ್ಮ. ಹೇಳಿದರೂ ಅದನ್ನು ಗುಟ್ಟಾಗಿ ಇಡಬೇಕು. ಇದು ದುಡ್ಡು ಕಟ್ಟಬೇಕಿಲ್ಲದ ನಂಬರು, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. 1996ರಲ್ಲಿ ಮುಂಬೈಯಲ್ಲಿ ಶುರುವಾಯಿತು, ಈಗ ಸರ್ಕಾರವೇ ನಡೆಸುತ್ತಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯವಾದರೆ ಇನ್ನೂ ಒಂದು ಮಾತಿದೆ. 2012ರ ಪೋಕ್ಸೊ ಕಾಯ್ದೆಯಲ್ಲಿ, ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವ ಹಾಗಿಲ್ಲ. ಹಳ್ಳಿಯಲ್ಲಿ ಊಹೆ ಮಾಡ್ತಾರೆ, ಅದಕ್ಕೆ ಕಾನೂನಿನಲ್ಲಿ ಮದ್ದಿಲ್ಲ, ನಿಜ. ಅದಕ್ಕೇ ಫೋನ್ ಮಾಡುವ ಮೊದಲು ನಿನಗೆ ನಂಬಿಕೆ ಇರುವ ಒಬ್ಬ ದೊಡ್ಡವರಿಗೆ ಹೇಳು. ಯಾರೂ ಹೊಳೆಯದಿದ್ದರೆ ಈ ಮುಂದಿನ ಸಾಲಿನಲ್ಲಿ ಕೂತಿದ್ದಾರಲ್ಲ, ಇವರಲ್ಲಿ ಯಾರ ನಂಬರ್ ಬೇಕಾದರೂ ತಗೋ. ಕೊಡ್ತೀರಲ್ಲ ಮೇಡಂ?

(ಕೊಟ್ಟರು.)